ಹಿತ್ತಲಲ್ಲಿ ಏರುಮಡಿ ಕಟ್ಟಿ ತರಕಾರಿ ಬೆಳೆಯುವುದು: ಗೋಡೆ, ಮಣ್ಣು, ನೀರು, ಸಲಕರಣೆ, ಎಲ್ಲ ಒಂದೊಂದಾಗಿ

ಏರುಮಡಿ, ಅಂದರೆ ರೈಸ್ಡ್ ಬೆಡ್ ಅಂತ ಹುಡುಕಿದರೆ ಮೊದಲು ಕಾಣುವುದು ನುಣುಪಾದ ಹಲಗೆಯ ಪೆಟ್ಟಿಗೆಗಳು, ಸುತ್ತ ಜಲ್ಲಿ ಹಾಸಿದ ಹಾದಿ, ಪಕ್ಕದಲ್ಲಿ ನೇತು ಹಾಕಿದ ಹೊಳೆಯುವ ಸಲಕರಣೆಗಳು. ಇದನ್ನೆಲ್ಲ ನೋಡಿ ಜನ ದುಡ್ಡಿನ ಮುಕ್ಕಾಲು ಭಾಗವನ್ನು ಗೋಡೆಗೂ ಸಾಮಾನಿಗೂ ಸುರಿಯುತ್ತಾರೆ. ಒಳಗೆ ತುಂಬುವ ಹೊತ್ತಿಗೆ ಕೈ ಖಾಲಿ. ಯಾರದೋ ಮನೆಯ ಪಾಯ ತೋಡಿದ ಮಣ್ಣು ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಾಕಿಸುತ್ತಾರೆ. ಆರು ತಿಂಗಳಾದ ಮೇಲೆ ಬದನೆ ಗಿಡ ಗೇಣುದ್ದ ನಿಂತಿರುತ್ತದೆ.

ನನ್ನ ಲೆಕ್ಕ ತಿರುಗಾಮುರುಗಾ. ಗೋಡೆ ಏನಾದರೂ ಇರಲಿ, ಸಲಕರಣೆ ನಾಲ್ಕೈದು ಸಾಕು, ಮಣ್ಣಿಗೆ ಮಾತ್ರ ಜಿಪುಣತನ ಮಾಡಬೇಡಿ. ಕೆಳಗೆ ಬರೆದಿರುವುದೆಲ್ಲ 8 ಅಡಿ ಉದ್ದ, 4 ಅಡಿ ಅಗಲದ ಒಂದೇ ಒಂದು ಮಡಿಯ ಲೆಕ್ಕ. ಮೊದಲ ವರ್ಷ ಒಂದೇ ಮಾಡಿ. ಅದು ಕೈಗೆ ಹತ್ತಿದ ಮೇಲೆ ಎರಡನೆಯದು.

ನಿಮಗೆ ಏರುಮಡಿ ಬೇಕೇ ಬೇಕಾ?

ಚಳಿ ದೇಶಗಳಲ್ಲಿ ಏರುಮಡಿ ಮಾಡುವುದಕ್ಕೆ ಒಂದು ದೊಡ್ಡ ಕಾರಣ ಇದೆ. ಚಳಿಗಾಲ ಮುಗಿದ ಮೇಲೆ ಎತ್ತರದ ಮಣ್ಣು ನೆಲಕ್ಕಿಂತ ಬೇಗ ಬೆಚ್ಚಗಾಗುತ್ತದೆ, ಬಿತ್ತನೆಗೆ ಕೆಲವು ವಾರ ಮುಂಚೆ ಸಿಗುತ್ತದೆ. ನಮಗೆ ಆ ತಾಪತ್ರಯ ಇಲ್ಲ. ನಮ್ಮ ಕಾರಣಗಳೇ ಬೇರೆ.

ಬೆಂಗಳೂರಿನ 30×40 ಸೈಟಿನ ಹಿಂದೆ ಮುಂದೆ ಉಳಿದ ಜಾಗವನ್ನು ಒಮ್ಮೆ ಅಗೆದು ನೋಡಿ. ಮನೆ ಕಟ್ಟುವಾಗ ಚೆಲ್ಲಿದ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು, ಲಾರಿ ಓಡಾಡಿ ಗಟ್ಟಿಯಾದ ನೆಲ. ಅಂಥ ಕಡೆ ನೆಲ ಸರಿಮಾಡುವುದಕ್ಕಿಂತ ಮೇಲೆ ಒಂದಡಿ ಒಳ್ಳೆ ಮಣ್ಣು ಹಾಕುವುದೇ ಸುಲಭ. ಮಲೆನಾಡು, ಕರಾವಳಿಯವರಿಗೆ ಕಾರಣ ಮಳೆ. ಜೂನ್‌ನಿಂದ ನೆಲ ಕೆಸರಾಗಿ ಬೇರು ಕೊಳೆಯುತ್ತದೆ, ಅದಕ್ಕೇ ಅಲ್ಲಿ ಶುಂಠಿಯನ್ನು ಮೊದಲಿಂದಲೂ ಎತ್ತರದ ಮಡಿಯಲ್ಲೇ ಹಾಕುತ್ತಾರೆ. ಅವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ರಾಯಚೂರು, ವಿಜಯಪುರ, ಬಳ್ಳಾರಿ ಕಡೆ ಮನೆ ಇದ್ದು, ನೆಲದ ಮಣ್ಣು ಚೆನ್ನಾಗಿದ್ದು, ನೀರೇ ಕಮ್ಮಿ ಅಂದರೆ? ಆಗ ಏರುಮಡಿ ಬೇಡ. ಎತ್ತರದ ಮಣ್ಣು ನಾಲ್ಕೂ ಕಡೆಯಿಂದ ಒಣಗುತ್ತದೆ, ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ. ಅಲ್ಲಿ ನೆಲಕ್ಕಿಂತ ನಾಲ್ಕಾರು ಇಂಚು ತಗ್ಗಾದ ಪಾತಿ ಮಾಡಿ, ಸುತ್ತ ಬದು ಹಾಕಿ, ಕೆಳಗೆ ಹೇಳುವ ಗೊಬ್ಬರವನ್ನೇ ಹಾಕಿದರೆ ಎಷ್ಟೋ ನೀರು ಉಳಿಯುತ್ತದೆ. ಎರೆ ಮಣ್ಣಿನ ಊರಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವಾದರೆ ಮಾತ್ರ ಏರುಮಡಿಗೆ ಅರ್ಥ ಇದೆ. ಫ್ಯಾಷನ್ನಿಗೆ ಕಟ್ಟುವ ವಸ್ತು ಅಲ್ಲ ಇದು.

ಜಾಗ: ಬಿಸಿಲು ನೋಡಿ, ಅಂದ ಆಮೇಲೆ

ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ತಾಸು ಇದ್ದರೂ ನಡೆಯುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ತರಕಾರಿಯ ಆಸೆ ಬಿಟ್ಟು ದೊಡ್ಡಪತ್ರೆ, ಪುದೀನ, ಒಂದೆಲಗ ಹಾಕಿಕೊಳ್ಳಿ.

ಒಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ನೆರಳು ವರ್ಷವಿಡೀ ಒಂದೇ ಕಡೆ ಬೀಳುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ 10 ಅಡಿ ಗೋಡೆ ನಡುಮಧ್ಯಾಹ್ನವೇ ಉತ್ತರಕ್ಕೆ ಏಳು ಅಡಿಗೂ ಜಾಸ್ತಿ ನೆರಳು ಹಾಕುತ್ತದೆ. ಜೂನ್‌ನಲ್ಲಿ ಅದೇ ಗೋಡೆಯ ನೆರಳು ದಕ್ಷಿಣಕ್ಕೆ ಎರಡಡಿ ದಾಟುವುದಿಲ್ಲ. ಅಂದರೆ ಮೇ ತಿಂಗಳಲ್ಲಿ ಬಿಸಿಲು ನೋಡಿ ಮಡಿ ಕಟ್ಟಿದರೆ, ತರಕಾರಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲವಾದ ನವೆಂಬರ್-ಜನವರಿಯಲ್ಲಿ ಅದು ಪಕ್ಕದ ಮನೆಯ ನೆರಳಲ್ಲಿ ಮಲಗಿರಬಹುದು. ದಕ್ಷಿಣಕ್ಕೆ ಎತ್ತರದ ಕಟ್ಟಡ ಇಲ್ಲದ ಜಾಗ ಹುಡುಕಿ. ಮಡಿಯೊಳಗೂ ಇದೇ ಲೆಕ್ಕ: ಚಪ್ಪರಕ್ಕೆ ಹಬ್ಬುವ ಬಳ್ಳಿ ಉತ್ತರದ ಅಂಚಿಗೆ, ಗಿಡ್ಡ ಸೊಪ್ಪು ದಕ್ಷಿಣದ ಅಂಚಿಗೆ.

ತೆಂಗು, ನುಗ್ಗೆ, ಮಾವಿನ ಬುಡದ ಹತ್ತಿರ ಬೇಡ. ನೀವು ಹಾಕಿದ ಗೊಬ್ಬರದ ವಾಸನೆ ಹಿಡಿದು ಆ ಬೇರುಗಳು ಮಡಿಯೊಳಗೇ ಬಂದು ಕೂರುತ್ತವೆ. ನಲ್ಲಿ ಹತ್ತಿರ ಇರಲಿ. ಬಕೆಟ್ ಹೊತ್ತುಕೊಂಡು ಹೋಗಬೇಕಾದ ತೋಟಕ್ಕೆ ಎರಡನೇ ತಿಂಗಳಿಂದ ಯಾರೂ ಹೋಗುವುದಿಲ್ಲ.

ಅಳತೆ

ಅಗಲ ನಿಮ್ಮ ಕೈಗೆ ತಕ್ಕಂತೆ. ಎರಡು ಕಡೆಯಿಂದ ಕೈ ಹಾಕಲು ಆಗುವುದಾದರೆ 4 ಅಡಿ, ಒಂದು ಕಡೆ ಕಾಂಪೌಂಡ್ ಗೋಡೆ ಇದ್ದರೆ 2 ಅಡಿ, ಹೆಚ್ಚೆಂದರೆ ಎರಡೂವರೆ. ಇದರ ಹಿಂದೆ ಇರುವ ನಿಯಮ ಒಂದೇ: ಮಡಿಯೊಳಗೆ ಕಾಲಿಡಬಾರದು. ಕಾಲಿಟ್ಟರೆ ಮಣ್ಣು ಒತ್ತಿಕೊಳ್ಳುತ್ತದೆ, ಗಾಳಿ ನೀರು ಇಳಿಯುವುದಿಲ್ಲ, ಇಷ್ಟೆಲ್ಲ ಮಾಡಿದ್ದು ದಂಡ. ಮಡಿಗಳ ನಡುವೆ ಒಂದೂವರೆ ಅಡಿ ಹಾದಿ ಬಿಡಿ, ಕುಕ್ಕರುಗಾಲಲ್ಲಿ ಕೂರುವಷ್ಟು.

ಕೆಳಗೆ ಮಣ್ಣಿನ ನೆಲ ಇದ್ದರೆ ಒಂದಡಿ ಎತ್ತರ ಧಾರಾಳ ಆಯಿತು, ಬೇರು ಕೆಳಗೂ ಇಳಿಯುತ್ತದೆ. ಬರೀ ಸೊಪ್ಪಿಗಾದರೆ ಎಂಟಿಂಚು ಸಾಕು. ಮಂಡಿ ನೋವಿನವರು, ವಯಸ್ಸಾದವರು ಇದ್ದರೆ ಎರಡಡಿ ಎತ್ತರಿಸಿ, ಅಂಚಿನ ಮೇಲೆ ಕೂತು ಕೆಲಸ ಮಾಡಬಹುದು. ಆದರೆ ಮಣ್ಣಿನ ಲೆಕ್ಕವೂ ಎರಡರಷ್ಟಾಗುತ್ತದೆ, ನೆನಪಿರಲಿ.

ಗೋಡೆಗೆ ಏನು ಬಳಸುವುದು

ನಿಮ್ಮ ಊರಲ್ಲಿ ಯಾವುದು ಅಗ್ಗವೋ ಅದು. ದಕ್ಷಿಣ ಕನ್ನಡ, ಉಡುಪಿಯವರಿಗೆ ಮುರಕಲ್ಲು ಇದೆ, ಒಂದು ಸಾಲು ಜೋಡಿಸಿದರೆ ಕೆಲಸ ಮುಗಿಯಿತು. ಅಡಿಕೆ ಸೀಮೆಯವರು ಅಡಿಕೆ ದಬ್ಬೆ ಸೀಳಿ ಗೂಟ ಹೊಡೆದು ನಿಲ್ಲಿಸಬಹುದು, ಎರಡು ಮೂರು ವರ್ಷಕ್ಕೆ ಹಾಳಾಗುತ್ತದೆ, ಆಗ ಬೇರೆ ದಬ್ಬೆ. ಕಲಬುರಗಿ ಕಡೆ ಶಹಾಬಾದ್ ಕಲ್ಲಿನ ತುಂಡುಗಳು, ಬೆಂಗಳೂರು ಕೋಲಾರದ ಕಡೆ ಸೈಜುಗಲ್ಲು, ಚಪ್ಪಡಿ ಕಲ್ಲು. ಮರದ ಹಲಗೆ ಮಾತ್ರ ನಾನು ಹೇಳುವುದಿಲ್ಲ. ನಮ್ಮ ಗೆದ್ದಲು ಅದನ್ನು ಬಿಡುವುದಿಲ್ಲ. ಹಳೇ ಆಸ್ಬೆಸ್ಟಾಸ್ ಶೀಟು, ಟೈರು, ಎಣ್ಣೆ ಬಳಿದ ರೈಲ್ವೆ ಸ್ಲೀಪರ್ ಯಾವುದೂ ತಿನ್ನುವ ಗಿಡದ ಹತ್ತಿರ ಬೇಡ.

ಪೇಟೆಯಲ್ಲಿ ಎಲ್ಲರಿಗೂ ಸಿಗುವುದು ಸಿಮೆಂಟಿನ ಸಾಲಿಡ್ ಬ್ಲಾಕ್. 16×8×4 ಇಂಚಿನದ್ದು ತನ್ನಿ. 4 ಇಂಚಿನ ಅಂಚು ನೆಲಕ್ಕೆ ಬರುವಂತೆ ನಿಲ್ಲಿಸಿದರೆ ಒಂದು ಸಾಲಿಗೆ 8 ಇಂಚು ಎತ್ತರ ಸಿಗುತ್ತದೆ. ಒಳ ಅಳತೆ 8×4 ಅಡಿ ಇಟ್ಟುಕೊಂಡರೆ ಸಾಲಿಗೆ 19 ಬ್ಲಾಕು, ಎರಡು ಸಾಲಿಗೆ 38. ಒಡೆಯುವುದೂ ಸೇರಿ 40 ತರಿಸಿ. ದಾರ ಕಟ್ಟಿ ಗುರುತು ಮಾಡಿ, ಎರಡು ಮೂರು ಇಂಚು ಕಾಲುವೆ ತೋಡಿ ಮೊದಲ ಸಾಲನ್ನು ಅದರೊಳಗೆ ಕೂರಿಸಿ, ಮಟ್ಟ ನೋಡಿ, ಎರಡನೇ ಸಾಲನ್ನು ಸಂದು ತಪ್ಪಿಸಿ ಇಡಿ. ಗಾರೆ ಬೇಡ. ಹಾಗೇ ಜೋಡಿಸಿದರೆ ನಾಳೆ ಜಾಗ ಬದಲಿಸಬಹುದು, ಸಂದಿನಲ್ಲಿ ಹೆಚ್ಚಿನ ನೀರು ಸೋರಿಹೋಗುತ್ತದೆ. ಉದ್ದನೆಯ ಪಕ್ಕಗಳು ಹೊರಗೆ ಉಬ್ಬದಂತೆ ಮಧ್ಯೆ ಮಧ್ಯೆ ಒಂದು ಕಬ್ಬಿಣದ ಸರಳು ಹೊಡೆದರೆ ಆಯಿತು. ಗಾರೆ ಹಾಕಿಯೇ ಕಟ್ಟುತ್ತೇನೆ ಅನ್ನುವವರು ಕೆಳಗಿನ ಸಾಲಲ್ಲಿ ಎರಡಡಿಗೊಂದು ಸಂದು ಖಾಲಿ ಬಿಡಿ.

ತಳ

ಗೋಡೆಯ ಒಳಗಿನ ನೆಲವನ್ನು ಪಿಕಾಸಿಯಲ್ಲಿ ಆರಿಂಚು ಸಡಿಲ ಮಾಡಿ. ಗರಿಕೆ, ಕೊನ್ನಾರಿ ಗಡ್ಡೆ ಇದ್ದರೆ ಕೂತು ಆರಿಸಿ ತೆಗೆಯಿರಿ. ಮೇಲೆ ರಟ್ಟು ಹಾಸಿದರೆ ಹುಲ್ಲು ಸಾಯುತ್ತದೆ ಅಂತಾರಲ್ಲ, ಸಣ್ಣಪುಟ್ಟ ಕಳೆಗೆ ಅದು ನಿಜ. ಕೊನ್ನಾರಿ ಮಾತ್ರ ರಟ್ಟನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ, ಒಮ್ಮೆ ಬಂದರೆ ಜನ್ಮಕ್ಕೂ ಬಿಡುವುದಿಲ್ಲ. ಹೆಗ್ಗಣದ ಕಾಟ ಇರುವ ಕಡೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಸಿ ಅದರ ಮೇಲೆ ಮಣ್ಣು ತುಂಬಿ. ಪ್ಲಾಸ್ಟಿಕ್ ಹಾಳೆ ಮಾತ್ರ ತಳಕ್ಕೆ ಹಾಸಬೇಡಿ. ನೀರು ಇಳಿಯದೆ ಮಡಿ ಕೆರೆಯಾಗುತ್ತದೆ.

ಮಣ್ಣು: ಇಲ್ಲಿ ಅವಸರ ಬೇಡ

8×4 ಅಡಿ, ಒಂದಡಿ ಆಳ ಅಂದರೆ 32 ಘನ ಅಡಿ, ಹತ್ತಿರ ಹತ್ತಿರ 900 ಲೀಟರ್. ಕೇಳಿದಾಗ ಸಣ್ಣದೆನಿಸುತ್ತದೆ, ತುಂಬುವಾಗ ಗೊತ್ತಾಗುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಹೇಳುವುದಾದರೆ ಕೆಂಪು ಮಣ್ಣು ಐದು ಪಾಲಾದರೆ ಗೊಬ್ಬರ ಮೂರು, ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್ ಎರಡು.

ಮಣ್ಣು ಮೇಲ್ಪದರದ್ದು ಇರಲಿ, ಹೊಲದ್ದು ಅಥವಾ ತೋಟದ್ದು. ಪಾಯದ ಮಣ್ಣು ನೋಡಲು ಕೆಂಪಗೆ ಚೆನ್ನಾಗಿರುತ್ತದೆ, ಆದರೆ ಐದಾರು ಅಡಿ ಕೆಳಗಿಂದ ಬಂದದ್ದರಲ್ಲಿ ಜೀವವೇ ಇರುವುದಿಲ್ಲ. ಲಾರಿಯವರು ತಂದು ಸುರಿಯುವ ಮೊದಲು ಒಂದು ಹಿಡಿ ತೆಗೆದು ನೋಡಿ. ಕರಿ ಮಣಿಯಂಥ ಗಡ್ಡೆ ಕಂಡರೆ ಅದೇ ಕೊನ್ನಾರಿ, ವಾಪಸ್ ಕಳಿಸಿ. ಎರೆ ಮಣ್ಣೇ ಸಿಗುವ ಊರಾದರೆ ಅದಕ್ಕೆ ದಪ್ಪ ಮರಳು ಸೇರಿಸಿ, ಮಣ್ಣಿನ ಪಾಲು ಕಮ್ಮಿ ಮಾಡಿ ಗೊಬ್ಬರ ಜಾಸ್ತಿ ಮಾಡಿ.

ಗೊಬ್ಬರ ಪೂರ್ತಿ ಕಳಿತದ್ದಾಗಿರಬೇಕು. ಕೊಟ್ಟಿಗೆ ಗೊಬ್ಬರವನ್ನು ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು, ಬಿಸಿ ಇರಬಾರದು, ಕರಿಯಾಗಿ ಉದುರಾಗಿರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳು ಬಂದು ಬೇರು ತಿಂದುಹಾಕುತ್ತದೆ, ಗೆದ್ದಲಿಗೂ ಅದೇ ಆಹ್ವಾನ. ಎರೆಗೊಬ್ಬರ ಅರ್ಧ, ಕೊಟ್ಟಿಗೆ ಗೊಬ್ಬರ ಅರ್ಧ ಬೆರೆಸಿದರೆ ಒಳ್ಳೆಯದು. ಒಟ್ಟು 270 ಲೀಟರ್‌ನಷ್ಟು ಬೇಕು, 50 ಕೆಜಿಯ ಮೂರು ನಾಲ್ಕು ಚೀಲ. ಮನೆಯ ಹಸಿ ಕಸದ ಗೊಬ್ಬರ ಮಾಡುವವರು ಅದನ್ನೂ ಸೇರಿಸಿ, ಆದರೆ ಬಾಳೆಹಣ್ಣಿನ ಸಿಪ್ಪೆ ಇನ್ನೂ ಗುರುತು ಸಿಗುವ ಹಾಗಿದ್ದರೆ ಇನ್ನೊಂದು ತಿಂಗಳು ಬಿಡಿ.

ಕೋಕೋಪೀಟ್ 5 ಕೆಜಿಯ ಇಟ್ಟಿಗೆಯಾಗಿ ಸಿಗುತ್ತದೆ. ನೀರಲ್ಲಿ ನೆನೆಸಿದರೆ ಒಂದೊಂದು 60 ಲೀಟರ್‌ಗೂ ಜಾಸ್ತಿ ಉಬ್ಬುತ್ತದೆ, ನಮಗೆ ಮೂರು ಸಾಕು. ಇದರಲ್ಲಿ ಉಪ್ಪಿನಂಶ ಇರುತ್ತದೆ, ಹಾಗೇ ಹಾಕಿದರೆ ಸಣ್ಣ ಸಸಿಗಳ ಎಲೆ ಅಂಚು ಸುಡುತ್ತದೆ. ಎರಡು ಮೂರು ಸಲ ನೀರು ತುಂಬಿಸಿ ಬಸಿಯಿರಿ, ಕಂದು ನೀರು ತಿಳಿಯಾಗುವವರೆಗೆ. ಪೊಟ್ಟಣದ ಮೇಲೆ ಲೋ ಇಸಿ, ಅಂದರೆ ಉಪ್ಪು ಕಮ್ಮಿ ಅಂತ ಇದ್ದರೆ ಒಂದು ಸಲ ಸಾಕು. ಕೋಕೋಪೀಟಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ, ಅದು ನೀರು ಹಿಡಿದಿಡುವುದಕ್ಕೆ ಮಾತ್ರ. ಅಗ್ಗ ಅಂತ ಅರ್ಧಕ್ಕರ್ಧ ಅದನ್ನೇ ತುಂಬಿದವರ ಗಿಡಗಳು ಮೂರನೇ ವಾರಕ್ಕೆ ಹಳದಿಯಾಗುತ್ತವೆ. ಭತ್ತದ ಹೊಟ್ಟು ಸಿಗುವ ಕಡೆ ಕೋಕೋಪೀಟಿನ ಅರ್ಧ ಭಾಗ ಅದನ್ನೇ ಹಾಕಬಹುದು.

ಇದರ ಜೊತೆ ಒಂದು ಕೆಜಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ, ಸೌದೆ ಒಲೆ ಇದ್ದರೆ ನಾಲ್ಕು ಹಿಡಿ ಬೂದಿ. ಬೂದಿ ಇದಕ್ಕಿಂತ ಜಾಸ್ತಿ ಬೇಡ, ಮಣ್ಣು ಕ್ಷಾರವಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಐಐಎಚ್‌ಆರ್, ಅರ್ಕ ಮೈಕ್ರೋಬಿಯಲ್ ಕನ್ಸಾರ್ಶಿಯಂ ಅಂತ ಒಂದು ಸೂಕ್ಷ್ಮಜೀವಿಗಳ ಮಿಶ್ರಣ ಮಾಡಿದೆ. ಸಾರಜನಕ ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸಿ ಕೊಡುವ ಜೀವಿಗಳು ಅದರಲ್ಲಿವೆ. ಸಿಕ್ಕರೆ ಗೊಬ್ಬರಕ್ಕೆ ಬೆರೆಸಿ. ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿ ಕೂಡ ಹಾಗೇ, ಬೇವಿನ ಹಿಂಡಿಯ ಜೊತೆ ಕಲಸಿ ವಾರ ಕಾಲ ತೇವವಾಗಿ ನೆರಳಲ್ಲಿಟ್ಟು ಹಾಕಿದರೆ ಸಸಿಗಳ ಬುಡ ಕೊಳೆಯುವುದು ಕಮ್ಮಿ.

ಎಲ್ಲವನ್ನೂ ಟಾರ್ಪಲ್ ಮೇಲೆ ಸುರಿದು ಎರಡು ಸಲ ಮಗುಚಿ. ಒಂದು ಹಿಡಿ ತೇವದ ಮಣ್ಣು ತೆಗೆದು ಹಿಸುಕಿ: ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಒಡೆಯದೆ ಅಂಟಾಗಿಯೇ ಇದ್ದರೆ ಮರಳೋ ಹೊಟ್ಟೋ ಬೇಕು. ಉಂಡೆಯೇ ಆಗದಿದ್ದರೆ ಮಣ್ಣು ಸಾಲದು. ತುಂಬುವಾಗ ಒತ್ತಬೇಡಿ, ಅಂಚಿನ ತನಕ ತುಂಬಿ, ಎರಡು ದಿನ ನೀರು ಕೊಟ್ಟು ವಾರ ಹತ್ತು ದಿನ ಬಿಡಿ. ತಾನಾಗಿಯೇ ಎರಡು ಮೂರು ಇಂಚು ಕುಸಿಯುತ್ತದೆ.

ಟೆರೇಸ್ ಮೇಲೆ ಮಾಡುವವರಿಗೆ ಒಂದೇ ಎಚ್ಚರಿಕೆ. ಒದ್ದೆ ಮಣ್ಣು ಒಂದಡಿ ಆಳಕ್ಕೆ ತುಂಬಿದರೆ ಚದರ ಮೀಟರಿಗೆ 450 ಕೆಜಿ ಹತ್ತಿರ ಬರುತ್ತದೆ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರಕ್ಕಿರುವ ನಮ್ಮ ಐಎಸ್ 875 ಮಾನದಂಡದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ವ್ಯತ್ಯಾಸ ನೀವೇ ನೋಡಿ. ಅಲ್ಲಿ ಈ ಮಿಶ್ರಣ ಬೇಡವೇ ಬೇಡ. ಕೋಕೋಪೀಟ್ ಮತ್ತು ಎರೆಗೊಬ್ಬರವೇ ಜಾಸ್ತಿ ಇರುವ ಹಗುರ ಮಿಶ್ರಣ, ಆರಿಂಚು ಆಳ, ತೊಲೆಗಳ ಮೇಲೆ ಬರುವಂತೆ, ಅದೂ ಇಂಜಿನಿಯರ್ ಒಬ್ಬರನ್ನು ಕೇಳಿದ ಮೇಲೆ.

ಸಲಕರಣೆ: ಯಾವುದು ಬೇಕು, ಯಾವುದು ಸುಮ್ನೆ ಖರ್ಚು

ಮಡಿ ಕಟ್ಟುವ ದಿನಕ್ಕೆ ಪಿಕಾಸಿ, ಹಾರೆ, ಸನಿಕೆ, ಬಾಂಡ್ಲಿ. ಇವನ್ನು ಅಕ್ಕಪಕ್ಕದವರಿಂದ ತಂದು ವಾಪಸ್ ಕೊಡಿ, ಕೊಳ್ಳಬೇಡಿ. ಆಮೇಲೆ ದಿನಾ ಬೇಕಾಗುವುದು ಕಳೆ ಕೀಳುವ ಕುರ್ಪಿ, ಸಸಿ ನೆಡಲು ಒಂದು ಟ್ರೋವೆಲ್, ಕತ್ತರಿಸಲು ಸೆಕೆಟರ್, ಬಾಯಿಗೆ ಜರಡಿಯಂಥ ರೋಸ್ ಇರುವ ನೀರಿನ ಕ್ಯಾನ್, ಎರಡು ಲೀಟರಿನ ಕೈ ಸ್ಪ್ರೇಯರ್. ಕುರ್ಪಿಯನ್ನು ಸಂತೆಯಲ್ಲಿ ಕಮ್ಮಾರರು ಮಾರುವುದನ್ನೇ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಐದು ತುಂಡಿನ ಬಣ್ಣದ ಸೆಟ್ ಬರುತ್ತದಲ್ಲ, ಅದರ ಕುತ್ತಿಗೆ ನಮ್ಮ ಗಟ್ಟಿ ಮಣ್ಣಿಗೆ ಮೊದಲ ವಾರವೇ ಬಗ್ಗುತ್ತದೆ. ಸೆಕೆಟರ್‌ಗೆ ಮಾತ್ರ ಸ್ವಲ್ಪ ದುಡ್ಡು ಹಾಕಿ, ಮೊಂಡು ಅಲಗು ಕಾಂಡವನ್ನು ಜಜ್ಜುತ್ತದೆ. ರೋಗದ ಗಿಡ ಕತ್ತರಿಸಿದ ಮೇಲೆ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಿ.

ನಿಜವಾಗಿ ಕೆಲಸ ಉಳಿಸುವ ಎರಡು ಮೂರು ವಸ್ತುಗಳಿವೆ. ಒಂದು, ಪ್ರೋಟ್ರೇ, ಅಂದರೆ ಸಸಿ ಎಬ್ಬಿಸುವ ಸಣ್ಣ ಗುಳಿಗಳ ಟ್ರೇ. ಟೊಮೆಟೊ, ಬದನೆ, ಮೆಣಸು, ಕೋಸನ್ನು ಅದರಲ್ಲಿ ಬಿತ್ತಿ 25-35 ದಿನದ ಸಸಿ ನೆಟ್ಟರೆ ಬೇರಿಗೆ ಪೆಟ್ಟಾಗುವುದಿಲ್ಲ. ಎರಡು, ಬಲೆ. ಅರ್ಧ ಇಂಚಿನ ಪಿವಿಸಿ ಪೈಪನ್ನು ಕಮಾನಿನಂತೆ ಬಗ್ಗಿಸಿ ಮಡಿಯ ಎರಡು ಅಂಚಿಗೆ ಸಿಕ್ಕಿಸಿದರೆ ಬೇಸಿಗೆಯಲ್ಲಿ ಶೇ 50ರ ಶೇಡ್ ನೆಟ್, ಸಸಿ ಎಳೆಯದಾಗಿದ್ದಾಗ 40 ಮೆಶ್ಶಿನ (ಇಂಚಿಗೆ 40 ಕಣ್ಣಿನ) ಕೀಟ ತಡೆ ಬಲೆ, ಜಡಿಮಳೆಯಲ್ಲಿ ಪಾರದರ್ಶಕ ಹಾಳೆ, ಯಾವುದು ಬೇಕಾದರೂ ಹೊದಿಸಬಹುದು. ಮೂರನೆಯದು ಡ್ರಿಪ್, ಅದನ್ನು ಕೆಳಗೆ ಬೇರೆ ಹೇಳುತ್ತೇನೆ.

ಮಣ್ಣಿಗೆ ಚುಚ್ಚಿ ಹುಳಿ-ಕ್ಷಾರ ಅಳೆಯುವ ಅಗ್ಗದ ಪಿಎಚ್ ಮೀಟರ್ ಬೇಡ, ಅದರ ಮುಳ್ಳು ತನಗೆ ತೋಚಿದ್ದನ್ನು ತೋರಿಸುತ್ತದೆ. ಮಣ್ಣಿನ ಬಗ್ಗೆ ಅನುಮಾನ ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ತೇವ ನೋಡಲು ಬೆರಳು ಇದೆ, ಎರಡಿಂಚು ಒಳಗೆ ಹಾಕಿ ನೋಡಿ.

ನೀರು

ಬೆಂಗಳೂರಿನ ಹವೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕರಿಂದ ಆರು ಲೀಟರ್ ಬೇಕಾಗುತ್ತದೆ. ನಮ್ಮ ಮಡಿ ಮೂರು ಚದರ ಮೀಟರ್, ಅಂದರೆ 12ರಿಂದ 18 ಲೀಟರ್, ಒಂದು ಬಕೆಟ್ ಅಷ್ಟೆ. ಬೆಳಿಗ್ಗೆ ಕೊಡಿ. ಸಂಜೆ ಎಲೆಯ ಮೇಲೆ ಸುರಿದರೆ ರಾತ್ರಿಯಿಡೀ ಒದ್ದೆ ಇದ್ದು ಚುಕ್ಕೆ ರೋಗ ಬರುತ್ತದೆ.

ಡ್ರಿಪ್ ಹಾಕುವುದಾದರೆ 30 ಸೆಂಟಿಮೀಟರಿಗೊಂದು ರಂಧ್ರ ಇರುವ ಇನ್‌ಲೈನ್ ಪೈಪು ಮೂರು ಸಾಲು, ಒಟ್ಟು 24 ರಂಧ್ರ. ಪೊಟ್ಟಣದ ಮೇಲೆ ಗಂಟೆಗೆ 2 ಲೀಟರ್ ಅಂತ ಬರೆದಿರುತ್ತದೆ, ಆದರೆ ಅದು ಪಂಪಿನ ಒತ್ತಡಕ್ಕೆ. ಓವರ್‌ಹೆಡ್ ಟ್ಯಾಂಕ್ ಮಡಿಗಿಂತ 13 ಅಡಿ ಮೇಲಿದ್ದರೆ ಒತ್ತಡ 0.4 ಬಾರ್ ಮಾತ್ರ, ರಂಧ್ರದಿಂದ ಒಂದೂಕಾಲು ಲೀಟರ್ ಬರಬಹುದು. ಹಾಗಾದರೆ ಅರ್ಧ ಗಂಟೆ ಬಿಟ್ಟರೆ 15 ಲೀಟರ್, ಸರಿಹೋಯಿತು. ಪ್ರೆಶರ್ ಕಾಂಪೆನ್ಸೇಟಿಂಗ್ ಅಂತ ಬರೆದದ್ದನ್ನು ಟ್ಯಾಂಕಿನ ನೀರಿಗೆ ತರಬೇಡಿ, ಅವಕ್ಕೆ ಹೆಚ್ಚು ಒತ್ತಡ ಬೇಕು. ಶುರುವಿನಲ್ಲಿ ಒಂದು ಸ್ಕ್ರೀನ್ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಬೋರ್‌ವೆಲ್ ನೀರಿನ ಸುಣ್ಣ ಮತ್ತು ಮರಳಿಗೆ ರಂಧ್ರಗಳು ಕಟ್ಟುತ್ತವೆ. ಊರಿಗೆ ಹೋಗುವ ಅಭ್ಯಾಸ ಇರುವವರಿಗೆ ನಲ್ಲಿಗೆ ಸಿಕ್ಕಿಸುವ ಬ್ಯಾಟರಿ ಟೈಮರ್ ಉಪಯೋಗ, ಆದರೆ ಕಮ್ಮಿ ಒತ್ತಡದಲ್ಲೂ ತೆರೆಯುವಂಥದ್ದೇ ಅಂತ ಕೇಳಿ ತನ್ನಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು, ನೆನಪಿದೆ ಅಲ್ವಾ? ಅಂಥ ಬೇಸಿಗೆಗೆ ಈಗಲೇ ದಾರಿ ಮಾಡಿಕೊಳ್ಳಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್‌ಗೆ ಹೋಗಲಿ. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರಲ್ಲಿ ಲವಣ ಜಾಸ್ತಿ, ಬೇರೆ ನೀರಿನ ಜೊತೆ ಬೆರೆಸಿ ಕೊಡಿ. ವಾಷಿಂಗ್ ಮಷಿನ್ ನೀರು ಬೇಡ.

ಇನ್ನು ಹೊದಿಕೆ. ಬರಿಮಣ್ಣು ಬಿಸಿಲಿಗೆ ಬಿಟ್ಟರೆ ಕೊಟ್ಟ ನೀರಲ್ಲಿ ಎಷ್ಟೋ ಪಾಲು ಗಾಳಿಗೆ ಹೋಗುತ್ತದೆ. ಭತ್ತದ ಹುಲ್ಲು, ಕಬ್ಬಿನ ತರಗು, ರಸ್ತೆಯಲ್ಲಿ ಗುಡಿಸಿ ಚೀಲಕ್ಕೆ ತುಂಬಿಟ್ಟ ಮಳೆಮರದ ಎಲೆ, ಯಾವುದಾದರೂ ಎರಡು ಇಂಚು ಹೊದಿಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಏನು ಬಿತ್ತುವುದು, ಯಾವಾಗ

ಮೊದಲ ಬೆಳೆ ಸೊಪ್ಪು. ಮೆಂತ್ಯ, ಕೊತ್ತಂಬರಿಗೆ ಬೀಜದ ಅಂಗಡಿಯೇ ಬೇಕಿಲ್ಲ, ಅಡುಗೆಮನೆಯ ಡಬ್ಬಿಯದ್ದೇ ಮೊಳೆಯುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲೋ ಲಟ್ಟಣಿಗೆಯಲ್ಲೋ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೆಂತ್ಯ 20-25 ದಿನಕ್ಕೆ, ಹರಿವೆ 25-30 ದಿನಕ್ಕೆ ಕೈಗೆ ಬರುತ್ತದೆ. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಮಡಿಯ ಒಂದು ಮೂಲೆ ಈ ವಾರ, ಇನ್ನೊಂದು ಮೂಲೆ ಹತ್ತು ಹದಿನೈದು ದಿನ ಬಿಟ್ಟು. ಇಲ್ಲದಿದ್ದರೆ ಒಂದು ವಾರ ಬೀದಿಗೆಲ್ಲ ಹಂಚುವಷ್ಟು ಸೊಪ್ಪು, ಮುಂದಿನ ತಿಂಗಳು ಏನೂ ಇಲ್ಲ.

ಜೂನ್-ಜುಲೈಗೆ ಬೆಂಡೆ, ಬದನೆ, ಹೀರೆ, ಅಲಸಂದೆ. ಆ ಕಾಲದಲ್ಲಿ ಟೊಮೆಟೊ ಹಾಕಿದರೆ ಅಂಗಮಾರಿ ರೋಗದ ಜೊತೆ ಗುದ್ದಾಟವೇ ಆಗುತ್ತದೆ. ಅದನ್ನು ಮಳೆ ತಗ್ಗುವ ಅಕ್ಟೋಬರ್ ಕೊನೆಗೆ ನೆಡಿ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ನವಿಲುಕೋಸು, ಬೀನ್ಸ್ ಎಲ್ಲಕ್ಕೂ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಬೇಸಿಗೆಗೆ ಸೌತೆ, ಗೋರಿಕಾಯಿ, ದಂಟು. ಅವರೆ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು: ನಾಟಿ ಅವರೆ ಹಗಲು ಸಣ್ಣದಾದಾಗಲೇ ಹೂ ಬಿಡುವುದು, ಆಷಾಢದಲ್ಲಿ ಹಾಕಿದರೂ ಕಾಯಿ ಚಳಿಗಾಲಕ್ಕೇ. ಅಷ್ಟು ದಿನ ಜಾಗ ಕೊಡಲು ಆಗದಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ 4 ಹಾಕಿ. ಗಿಡ್ಡ ಗಿಡ, ವರ್ಷದ ಯಾವ ಕಾಲಕ್ಕೂ ಬರುತ್ತದೆ. ಸೊಗಡು ಮಾತ್ರ ಕೇಳಬೇಡಿ.

ತಳಿಗಳಲ್ಲಿ ಐಐಎಚ್‌ಆರ್‌ನ ಅರ್ಕ ಹೆಸರಿನವು ನಮ್ಮ ಹವೆಗೆ ಹೊಂದುತ್ತವೆ. ಬೆಂಡೆಯಲ್ಲಿ ಅರ್ಕ ಅನಾಮಿಕ, ಬೀನ್ಸ್‌ನಲ್ಲಿ ಅರ್ಕ ಕೋಮಲ್, ಟೊಮೆಟೊದಲ್ಲಿ ಅರ್ಕ ರಕ್ಷಕ್. ಈ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯಲೆಂದು ಮಾಡಿದ ಹೈಬ್ರಿಡ್, ಹಾಗಾಗಿ ಅದರ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಅಂತರದ ವಿಷಯದಲ್ಲಿ ಆಸೆ ಬಿಡಿ. ಟೊಮೆಟೊ, ಬದನೆಗೆ ಎರಡು ಅಡಿ, ಬೆಂಡೆಗೆ ಒಂದು ಅಡಿ, ಬೀನ್ಸ್‌ಗೆ ಆರೇಳು ಇಂಚು, ಮೂಲಂಗಿಗೆ ನಾಲ್ಕಿಂಚು. ಸಸಿ ಚಿಕ್ಕದಿರುವಾಗ ಮಧ್ಯದ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ, ಅಲ್ಲಿ ಮೆಂತ್ಯ ಎರಚಿ, ಟೊಮೆಟೊ ಹರಡುವ ಹೊತ್ತಿಗೆ ಅದು ಸಾರಿಗೆ ಹೋಗಿರುತ್ತದೆ. ನಮ್ಮ 8×4 ಮಡಿಗೆ ಉತ್ತರದ ಅಂಚಲ್ಲಿ ಸರ್ವೆ ಗಳ ನೆಟ್ಟು ತಂತಿ ಎಳೆದು ಎರಡು ಹೀರೆ ಬಳ್ಳಿ, ಮಧ್ಯೆ ಮೂರು ಟೊಮೆಟೊ ಒಂದು ಬದನೆ, ದಕ್ಷಿಣಕ್ಕೆ ಸೊಪ್ಪಿನ ಎರಡು ಪಟ್ಟಿ, ಮೂಲೆಗಳಲ್ಲಿ ಚೆಂಡು ಹೂವು. ಇಷ್ಟೇ ತುಂಬಿತು.

ಬೆಳೆಯುವಾಗ

ಟೊಮೆಟೊ ಸಸಿಯನ್ನು ಕಾಂಡದ ಅರ್ಧ ಮಣ್ಣಲ್ಲಿ ಮುಚ್ಚುವಷ್ಟು ಆಳಕ್ಕೆ ನೆಡಿ, ಮುಚ್ಚಿದ ಕಾಂಡದಿಂದಲೂ ಬೇರು ಬರುತ್ತದೆ. ನೆಡುವ ದಿನವೇ ಊರುಗೋಲು ಕೊಡಿ. ಕೆಳಗಿನ ಒಂದಡಿ ಎಲೆ ತೆಗೆದರೆ ಗಾಳಿ ಆಡುತ್ತದೆ. ಕಾಯಿಯ ತಳ ಕರ‍್ರಗಾಗಿ ಕೊಳೆತರೆ ಬಹುತೇಕ ಅದು ನೀರಿನ ಏರುಪೇರು. ಮೊಟ್ಟೆಚಿಪ್ಪು ಪುಡಿ ಹಾಕಿ ಕಾಯುವ ಬದಲು ದಿನಾ ಒಂದೇ ಅಳತೆ ನೀರು ಕೊಡಿ.

ಹೀರೆ, ಸೋರೆ ಹೂ ಬಿಟ್ಟು ಪಿಂದೆ ಉದುರುತ್ತಿದ್ದರೆ ಗೊಬ್ಬರ ಕಮ್ಮಿ ಅಂತ ಸುರಿಯಬೇಡಿ, ದುಂಬಿ ಬರುತ್ತಿಲ್ಲ ಅಂತ ಅರ್ಥ. ಇವೆರಡೂ ಅರಳುವುದು ಸಂಜೆ. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಿ. ಸೌತೆ, ಕುಂಬಳಕ್ಕಾದರೆ ಬೆಳಿಗ್ಗೆ.

ಮೂರು ವಾರಕ್ಕೊಮ್ಮೆ ಗಿಡಕ್ಕೊಂದು ಹಿಡಿ ಎರೆಗೊಬ್ಬರ. ಸಗಣಿ, ಗಂಜಲ ಸಿಗುವವರು ಜೀವಾಮೃತ ಮಾಡಿಕೊಳ್ಳಿ: 20 ಲೀಟರ್ ನೀರಿಗೆ ಸಗಣಿ 1 ಕೆಜಿ, ಗಂಜಲ 1 ಲೀಟರ್, ಬೆಲ್ಲ 200 ಗ್ರಾಂ, ಕಡಲೆ ಅಥವಾ ಹುರುಳಿ ಹಿಟ್ಟು 200 ಗ್ರಾಂ, ತೋಟದ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಎರಡು ಹೊತ್ತು ತಿರುಗಿಸಿ, ಎರಡು ದಿನಕ್ಕೆ ತಯಾರು. ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕಿ, ವಾರದೊಳಗೆ ಮುಗಿಸಿ.

ಹುಳ ಹುಪ್ಪಟೆ

ದಿನಾ ಬೆಳಿಗ್ಗೆ ಎಲೆ ತಿರುಗಿಸಿ ನೋಡುವುದೇ ಅರ್ಧ ಔಷಧಿ. ಗಿಡಹೇನು ಕಂಡರೆ ನೀರಿನ ರಭಸಕ್ಕೆ ತೊಳೆಯಿರಿ. ಬಿಳಿನೊಣ ಬಂದರೆ ಎಚ್ಚರ, ಟೊಮೆಟೊ ಎಲೆ ಮುಟುರು, ಬೆಂಡೆಯ ಹಳದಿ ನರದ ನಂಜು ಎರಡನ್ನೂ ಹೊತ್ತು ತರುವುದು ಅದೇ. ಹಳದಿ ಅಂಟುಹಾಳೆ ನೇತು ಹಾಕಿ, ಬೇವಿನ ಎಣ್ಣೆ 5 ಎಂಎಲ್ ಅನ್ನು ಲೀಟರ್ ನೀರಿಗೆ ಸ್ವಲ್ಪ ಸೋಪಿನ ನೀರಿನ ಜೊತೆ ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ನಂಜು ಹಿಡಿದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ದೂರ ಹಾಕಿ. ಬದನೆಯ ಕುಡಿ ಬಾಡಿ ಬಾಗಿದರೆ ಒಳಗೆ ಕೊರಕ ಹುಳ ಇದೆ, ಬಾಡಿದ ಕಡೆಯಿಂದ ಎರಡಿಂಚು ಕೆಳಗೆ ಕತ್ತರಿಸಿ ನಾಶ ಮಾಡಿ. ಹೀರೆಗೆ ಹಣ್ಣುನೊಣ ಕುಟುಕುವುದನ್ನು ತಪ್ಪಿಸಲು ಪಿಂದೆಗೆ ಕಾಗದದ ಕವರ್ ತೊಡಿಸಿ, ಅಥವಾ ಗಂಡು ನೊಣವನ್ನು ಸೆಳೆಯುವ ಕ್ಯೂ ಲೂರ್ ಇರುವ ಮೋಹಕ ಬಲೆ ಕಟ್ಟಿ.

ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಬೆಂಗಳೂರಲ್ಲೂ ಕೊಡಗಲ್ಲೂ ಒಂದೇ ರಾತ್ರಿಗೆ ಮಡಿ ಬೋಳು ಮಾಡುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೈಗೆ ಗವಸು ಹಾಕಿ ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನು ಮಡಿಗೇ ಎರಚಬೇಡಿ, ಮಣ್ಣು ಹಾಳಾಗುತ್ತದೆ. ಮಂಗನಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ. ಮಲೆನಾಡಿನವರು ಸುಮ್ಮನೆ ಪೂರ್ತಿ ಜಾಲರಿ ಹಾಕಿಸಿಕೊಳ್ಳಿ.

ಬೆಳೆ ಮುಗಿದ ಮೇಲೆ

ಆರೋಗ್ಯವಾಗಿದ್ದ ಗಿಡವನ್ನು ಬೇರು ಸಮೇತ ಕೀಳಬೇಡಿ, ಬುಡಕ್ಕೆ ಕತ್ತರಿಸಿ ಬೇರನ್ನು ಒಳಗೇ ಬಿಡಿ. ಬೀನ್ಸ್, ಅವರೆಗೆ ಇದು ಇನ್ನೂ ಮುಖ್ಯ, ಅವುಗಳ ಬೇರಿನ ಗಂಟಿನಲ್ಲಿ ಸಾರಜನಕ ಇರುತ್ತದೆ. ಟೊಮೆಟೊ, ಬದನೆ ಬೇರನ್ನು ಮಾತ್ರ ಒಮ್ಮೆ ಕಿತ್ತು ನೋಡಿ. ಗಂಟು ಗಂಟಾಗಿದ್ದರೆ ಅದು ಜಂತುಹುಳು, ಪೂರ್ತಿ ತೆಗೆದು, ಆ ಜಾಗಕ್ಕೆ ಬೇವಿನ ಹಿಂಡಿ ಹಾಕಿ, ಒಂದು ಬೆಳೆ ಚೆಂಡು ಹೂವನ್ನೇ ಒತ್ತಾಗಿ ಬೆಳೆಸಿ. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಒಂದೇ ಮನೆತನ, ಒಂದರ ಹಿಂದೆ ಇನ್ನೊಂದು ಬೇಡ. ಟೊಮೆಟೊ ಇದ್ದಲ್ಲಿ ಬೀನ್ಸ್, ಬೀನ್ಸ್ ಇದ್ದಲ್ಲಿ ಸೊಪ್ಪು, ಸೊಪ್ಪು ಇದ್ದಲ್ಲಿ ಮೂಲಂಗಿ, ಹೀಗೆ ಜಾಗ ಬದಲಾಗುತ್ತಿರಲಿ.

ಮಣ್ಣು ಪ್ರತಿ ವರ್ಷ ಎರಡು ಮೂರು ಇಂಚು ಇಳಿಯುತ್ತದೆ. ಅದನ್ನು ಗೊಬ್ಬರದಿಂದಲೇ ತುಂಬಿ, ಅಗೆದು ಮಗುಚುವುದು ಬೇಡ, ಮೇಲೆ ಹರಡಿದರೆ ಎರೆಹುಳು ಕೆಳಗೆ ಒಯ್ಯುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳು ಬರುವುದಿಲ್ಲ ಅಂದರೆ ಹುರುಳಿಯೋ ಸೆಣಬೋ ಎರಚಿ ಟೈಮರ್ ಹಚ್ಚಿ ಹೋಗಿ. ವಾಪಸ್ ಬಂದ ಮೇಲೆ ಹೂ ಬಿಡುವ ಮೊದಲೇ ಅದನ್ನು ಬುಡಕ್ಕೆ ಕೊಯ್ದು ಅಲ್ಲೇ ಹಾಸಿ, ಹದಿನೈದು ದಿನ ಬಿಟ್ಟು ಮುಂದಿನ ಸಸಿ ನೆಡಿ.